ಮೊದಲು ಹಾಡಿದವರು ಯಾರು?

ಸಂಗೀತದ ಹುಚ್ಚು ಹಿಡಿದ ನಾಲ್ವರು ಒಂದೆಡೆ ಕುಳಿತರೆ, ಹಾಡು ಕೇಳುವುದಕ್ಕಿಂತ ಒಬ್ಬರನ್ನೊಬ್ಬರು ಪರೀಕ್ಷಿಸುವುದೇ ಹೆಚ್ಚು. ಕಚೇರಿಯಲ್ಲಿ ರಾಗದ ಹೆಸರನ್ನು ಪಕ್ಕದವನ ಕಿವಿಯಲ್ಲಿ ಉಸುರಿ, ಅವನ ಮುಖವನ್ನೇ ನೋಡುತ್ತ ಕುಳಿತುಕೊಳ್ಳುವ ರಸಿಕರನ್ನು ವಾಚಕರು ಕಂಡೇ ಇರುತ್ತಾರೆ. ಅಮೆರಿಕೆಯ ರಾಕ್ ಅಂಡ್ ರೋಲ್ ಸಂಗೀತವನ್ನು ಮೆಚ್ಚುವ ನಮ್ಮ ಪುಟ್ಟ ಕೂಟವೂ ಈ ಚಾಪಲ್ಯಕ್ಕೆ ಹೊರತಾದುದಲ್ಲ.

ಮೊದಲು ಬರುವವು ಸುಲಭದ ಪ್ರಶ್ನೆಗಳು. ಬೀಟಲ್ಸ್ ತಂಡದಲ್ಲಿ ರಿಂಗೋ ಸ್ಟಾರನಿಗೆ ಮುಂಚೆ ಡ್ರಮ್ ಬಾರಿಸುತ್ತಿದ್ದವನಾರು? 1962ರ ಆಗಸ್ಟಿನಲ್ಲಿ ತಂಡದಿಂದ ಹೊರಬಿದ್ದ ಪೀಟ್ ಬೆಸ್ಟ್. 1940ರಲ್ಲಿ ಲಕ್ನೋದಲ್ಲಿ ಹ್ಯಾರಿ ವೆಬ್ ಎಂಬ ಹೆಸರಿನಿಂದ ಹುಟ್ಟಿದವನು? ಕ್ಲಿಫ್ ರಿಚರ್ಡ್. ಪಂಚಗಣಿಯ ಶಾಲೆಯಲ್ಲಿ ಓದಿದವನು? ಫ್ರೆಡ್ಡಿ ಮರ್ಕ್ಯುರಿ. ಇಂಥವಕ್ಕೆ ನೆನಪಿದ್ದರೆ ಸಾಕು, ಕಿವಿಯೇ ಬೇಕಿಲ್ಲ. ರೈಲ್ವೆ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿದವನು ಯಾತ್ರಿಕನಾಗುವನೇ?

ಕಳೆದ ವರ್ಷ ಮಿತ್ರರೊಬ್ಬರ ಮಗಳು ಕೂಟಕ್ಕೆ ಬಂದಿದ್ದಳು, ಕಾಲೇಜಿನ ಹುಡುಗಿ. ಹೊಸಬರನ್ನು ಒರೆಗೆ ಹಚ್ಚದೆ ಬಿಡದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಎಲ್ವಿಸ್ ಪ್ರೀಸ್ಲಿ ಅವರ ಮನೆದೇವರು. “ಹೌಂಡ್ ಡಾಗ್ ಹಾಡಿನ ಮುದ್ರಿಕೆ ಯಾವ ವರ್ಷದ್ದಮ್ಮಾ?” ಎಂದರು. ಆಕೆ “1952” ಎಂದಳು. ಹಿರಿಯರು ನಕ್ಕು, “1956” ಎಂದು ತಿದ್ದಿದರು; ಇನ್ನಿಬ್ಬರು ಜೊತೆಗೆ ನಕ್ಕರು. ಹುಡುಗಿ ವಾದಕ್ಕೆ ಇಳಿಯಲಿಲ್ಲ. ಕೈಯಲ್ಲಿದ್ದ ಫೋನನ್ನು ಮುಂದೆ ಹಿಡಿದು, “ಇದನ್ನು ಸ್ವಲ್ಪ ಕೇಳಿ ಮಾಮ” ಎಂದಳು.

ಹಾಡಿದವಳು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಜನಾಂಗದ ಗಾಯಕಿ. ಲೈಬರ್, ಸ್ಟೋಲರ್ ಎಂಬ ಹತ್ತೊಂಬತ್ತರ ಹರೆಯದ ಹುಡುಗರಿಬ್ಬರು ಆಕೆಗೆಂದೇ ಅದನ್ನು ರಚಿಸಿದ್ದರು. 1952ರಲ್ಲಿ ಲಾಸ್ ಏಂಜಲೀಸಿನಲ್ಲಿ ಮುದ್ರಿತವಾಗಿ, ಮರುವರ್ಷ ಹೊರಬಂದು, ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಕೆಲಸಕ್ಕೆ ಬಾರದ ಗಂಡಸೊಬ್ಬನನ್ನು ಹೆಣ್ಣೊಬ್ಬಳು ಬಾಗಿಲಿನಿಂದಲೇ ಅಟ್ಟುವ ಹಾಡು ಅದು. ಎಲ್ವಿಸ್‌ನ ಬಾಯಲ್ಲಿ ಪದಗಳು ಬದಲಾಗಿ, ಅದು ನಿಜವಾದ ನಾಯಿಯ ಹಾಡೇ ಆಗಿಬಿಟ್ಟಿತೆಂದು ನಮ್ಮ ಅನಿಸಿಕೆ. ಹಣ, ಹೆಸರು ಎರಡೂ ಹರಿದುಹೋದುದು ಆ ಕಡೆಗೇ. ತನಗೆ ದಕ್ಕಿದ್ದು ಸುಮಾರು 500 ಡಾಲರು ಮಾತ್ರವೆಂದು ಆಕೆ ಹೇಳಿಕೊಂಡಿದ್ದಳು. 1984ರಲ್ಲಿ ತೀರಿಕೊಂಡಳು, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿನಲ್ಲಿ ಆಕೆಗೆ ಮನ್ನಣೆ ಸಂದುದು 2024ರಲ್ಲಿ.

ಹಿರಿಯರು ಕಡೆಯವರೆಗೂ ಕೇಳಿದರು. “ಇನ್ನೊಮ್ಮೆ ಹಾಕಮ್ಮಾ” ಎಂದರು.

ಅಂದಿನಿಂದ ನಮ್ಮಲ್ಲಿ ಇಸವಿಯ ಪ್ರಶ್ನೆಗಳಿಗೆ ಬೆಲೆ ಇಳಿದು, ಮೂಲದ ಪ್ರಶ್ನೆಗಳಿಗೆ ಏರಿದೆ. 1954ರ ಜುಲೈಯಲ್ಲಿ ಮೆಂಫಿಸ್ ನಗರದಲ್ಲಿ ಎಲ್ವಿಸ್ ಹಾಡಿದ ದಟ್ಸ್ ಆಲ್ ರೈಟ್ ಯಾರದು? 1946ರಲ್ಲೇ ಅದನ್ನು ಮುದ್ರಿಸಿದ್ದ ಆರ್ಥರ್ ಕ್ರೂಡಪ್‌ನದು. ಸಲ್ಲಬೇಕಾದ ಹಣದ ಬಹುಪಾಲು ಕೈಸೇರದೆಯೇ ಅವನು 1974ರಲ್ಲಿ ಕಣ್ಮುಚ್ಚಿದನು. 1951ರ ರಾಕೆಟ್ 88 ಮುದ್ರಿಕೆಯ ಮೇಲಿರುವ ಹೆಸರು ಜಾಕಿ ಬ್ರೆನ್‌ಸ್ಟನ್ನನದು. ವಾದ್ಯವೃಂದವೋ ಐಕ್ ಟರ್ನರನದು. ಇದೇ ಮೊಟ್ಟಮೊದಲ ರಾಕ್ ಮುದ್ರಿಕೆಯೆಂದು ಕೆಲವರ ಪಟ್ಟು. ಅದಕ್ಕೂ ಮುಂಚೆ, 1944ರಲ್ಲೇ, ವಿದ್ಯುತ್ ಗಿಟಾರ್ ಹಿಡಿದು ದೇವರನಾಮ ಹಾಡಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಇದ್ದಳಲ್ಲ ಎಂದು ನಾವು. ಈ ಜಗಳ ಹರಿಯುವಂತಿಲ್ಲ. ಹರಿಯಲೆಂಬ ಆಸೆಯೂ ನಮಗಿಲ್ಲ, ಪ್ರತಿ ವಾದಕ್ಕೂ ಒಂದು ಹಾಡು ಕೇಳಲು ಸಿಕ್ಕುತ್ತದೆ.

ಆ ಹುಡುಗಿ ಈಗ ತಪ್ಪದೆ ಬರುತ್ತಾಳೆ. ಹೋದ ತಿಂಗಳು ಆಕೆ ತಂದ ಪ್ರಶ್ನೆ ಇದು: 1977ರಲ್ಲಿ ವಾಯೇಜರ್ ನೌಕೆಗಳೊಡನೆ ಆಕಾಶಕ್ಕೆ ಹೋದ ಚಿನ್ನದ ತಟ್ಟೆಯಲ್ಲಿ ಚಕ್ ಬೆರಿಯ ಜಾನಿ ಬಿ. ಗುಡ್ ಉಂಟು, ಅದರ ಜೊತೆಗೆ ಪಯಣಿಸುತ್ತಿರುವ ನಮ್ಮ ದೇಶದ ದನಿ ಯಾರದು? ಉತ್ತರ ಹೇಳಿದವರು ನಮ್ಮ ಎಲ್ವಿಸ್ ಭಕ್ತರೇ: ಕೇಸರಬಾಯಿ ಕೇರ್ಕರ್, ಭೈರವಿ. ಹೇಳಿ, ಯಾರೂ ಕೇಳುವ ಮೊದಲೇ ತಾವಾಗಿ ಆ ಹಾಡನ್ನು ಹುಡುಕತೊಡಗಿದರು.