ಹಿಂದಿನವರ ಉಸಿರು

ಕಾರಿನ ಬಿಡಿಭಾಗಗಳ ಪಟ್ಟಿ ಹಿಡಿದು ಕೂತರೆ ಹೆಚ್ಚುಕಮ್ಮಿ ಎಲ್ಲವೂ ಒಳಗೆ ಕೂತವರಿಗಾಗಿಯೇ ಇರುವಂಥವು. ಎಂಜಿನ್ನು ನಮ್ಮನ್ನು ಎಳೆಯಲು, ಬ್ರೇಕು ನಮ್ಮನ್ನು ನಿಲ್ಲಿಸಲು, ಏಸಿ ನಮ್ಮನ್ನು ತಣ್ಣಗಿಡಲು. ಇಂಡಿಕೇಟರು, ಹಿಂದಿನ ಕೆಂಪು ದೀಪ ಬೇರೆಯವರಿಗೂ ಉಪಯೋಗ, ನಿಜ. ಆದರೆ ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ಹೋಗುವುದು ನಮ್ಮ ಸೊಂಟವೂ ಹೌದಲ್ಲ, ಹಾಗಾಗಿ ಅದರಲ್ಲೂ ನಮ್ಮ ಸ್ವಾರ್ಥವೇ. ಇಡೀ ಕಾರಿನಲ್ಲಿ ಒಳಗಿನವರಿಗೆ ಕವಡೆಯಷ್ಟೂ ಪ್ರಯೋಜನವಿಲ್ಲದ, ಪೂರ್ತಿ ಹಿಂದೆ ಬರುವವರಿಗಾಗಿಯೇ ಕೂರಿಸಿದ ದುಬಾರಿ ಸಾಮಾನು ಒಂದಿದೆ. ಗ್ಯಾರೇಜಿನವರು ಅದನ್ನು ಕ್ಯಾಟ್‌ಕಾನ್ ಎನ್ನುತ್ತಾರೆ. ಪೂರ್ತಿ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್.

ನಮ್ಮದು 2015ರ ಪೆಟ್ರೋಲ್ ಕಾರು. ಕಳೆದ ವರ್ಷ ಅದರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಜೊತೆಗೆ, ಗಾಡಿ ಶುರು ಮಾಡಿದಾಗಲೆಲ್ಲ ಬಾನೆಟ್ಟಿನ ಕೆಳಗೆಲ್ಲೋ ತಗಡಿನ ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. ನಮ್ಮ ಮೆಕ್ಯಾನಿಕ್ ಸ್ಟೀರಿಂಗ್ ಕೆಳಗಿನ ಪಿನ್ನಿಗೆ ಸ್ಕ್ಯಾನರ್ ಸಿಕ್ಕಿಸಿದ. ಪರದೆಯ ಮೇಲೆ ಪಿ 0420 ಎಂದು ಬಂತು. ‘ಕ್ಯಾಟ್‌ಕಾನ್ ಸತ್ತೋಗಿದೆ ಸಾರ್’ ಎಂದ.

ಸತ್ತದ್ದು ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಪರದೆಯಲ್ಲಿ ಎರಡು ಗೆರೆ ತೋರಿಸಿದ. ಕ್ಯಾಟ್‌ಕಾನಿನ ಮುಂದೊಂದು, ಹಿಂದೊಂದು ಆಮ್ಲಜನಕದ ಸೆನ್ಸರ್ ಇರುತ್ತದೆ. ಮುಂದಿನದು ಎಂಜಿನ್ನಿನಿಂದ ಬರುವ ಹೊಗೆಯನ್ನು ಮೂಸಿ ನೋಡುತ್ತಾ ಸೊನ್ನೆ ದಾಟಿ ಒಂದು ವೋಲ್ಟಿನ ಒಳಗೆ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಅದು ಸಹಜ. ನಡುವಿನ ಡಬ್ಬಿ ತನ್ನ ಕೆಲಸ ಮಾಡುತ್ತಿದ್ದರೆ ಹಿಂದಿನ ಸೆನ್ಸರಿನ ಗೆರೆ ಹೆಚ್ಚು ಅಲ್ಲಾಡದೆ ನೆಟ್ಟಗೆ ಮಲಗಿರಬೇಕು. ನಮ್ಮ ಕಾರಿನಲ್ಲಿ ಎರಡೂ ಗೆರೆ ಅವಳಿ ಮಕ್ಕಳಂತೆ ಒಟ್ಟಿಗೇ ಕುಣಿಯುತ್ತಿದ್ದವು. ಅಂದರೆ ಎಂಜಿನ್ನಿನ ವಿಷ ಎಂಜಿನ್ನಿನ ವಿಷವಾಗಿಯೇ ಹೊರಗೆ ಹೋಗುತ್ತಿತ್ತು.

ಆ ಡಬ್ಬಿಯೊಳಗೆ ಇರುವುದು ಪಿಂಗಾಣಿಯ ಜೇನುಗೂಡು. ಒಂದು ಚದರ ಅಂಗುಲದಲ್ಲಿ ಸುಮಾರು 400 ಕಿಂಡಿಗಳು. ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಲೋಹಗಳ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಮೆತ್ತಿರುತ್ತಾರೆ. ಉಸಿರುಗಟ್ಟಿಸುವ ಕಾರ್ಬನ್ ಮೊನಾಕ್ಸೈಡು ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅರೆಬೆಂದ ಪೆಟ್ರೋಲಿನ ಆವಿ ಅದೇ ಡೈಆಕ್ಸೈಡು ಮತ್ತು ನೀರಾಗುತ್ತದೆ. ಶ್ವಾಸಕೋಶಕ್ಕೆ ಕೆಟ್ಟದ್ದಾದ ಸಾರಜನಕದ ಆಕ್ಸೈಡುಗಳು ಮುರಿದು, ಗಾಳಿಯಲ್ಲಿ ಮೊದಲೇ ಇರುವ ಸಾರಜನಕವಾಗಿ ಹೊರಬೀಳುತ್ತವೆ. ಇಷ್ಟೆಲ್ಲ ಮಾಡಿಸಿಯೂ ಆ ಲೋಹಗಳು ತಾವು ಖರ್ಚಾಗುವುದಿಲ್ಲ. ಹೈಸ್ಕೂಲಿನಲ್ಲಿ ‘ಕ್ರಿಯಾವರ್ಧಕ’ ಎಂದು ಉರುಹೊಡೆದ ಪದ ಇದೇ.

ಖರ್ಚಾಗದ ವಸ್ತು ಸಾಯುವುದಾದರೂ ಹೇಗೆ? ಬೇರೆಯವರ ತಪ್ಪಿಗೆ ಸಾಯುತ್ತದೆ. ನಮ್ಮ ಕಾರಿನ ಒಂದು ಇಗ್ನಿಷನ್ ಕಾಯಿಲ್ ಬಲ ಕಳೆದುಕೊಂಡು ಆ ಸಿಲಿಂಡರಿನಲ್ಲಿ ಆಗಾಗ ಕಿಡಿ ತಪ್ಪುತ್ತಿತ್ತು. ಅಲ್ಲಿ ಉರಿಯದ ಪೆಟ್ರೋಲು ಜೇನುಗೂಡಿಗೆ ಬಂದು ಉರಿದಿತ್ತು. ಆ ಕಾವಿಗೆ ಪಿಂಗಾಣಿ ಬಿರಿದು ಚೂರಾಗಿತ್ತು. ಬೆಣಚುಕಲ್ಲಿನ ಸದ್ದು ಅದರದ್ದು. ಹಾಗಾಗಿ ಕ್ಯಾಟ್‌ಕಾನ್ ಬದಲಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ‘ಹೊಸದಕ್ಕೆ ಎಷ್ಟು’ ಅಲ್ಲ, ‘ಹಳೆಯದನ್ನು ಕೊಂದದ್ದು ಯಾವುದು’. ಅದನ್ನು ರಿಪೇರಿ ಮಾಡದೆ ಹೊಸದನ್ನು ಹಾಕಿದರೆ ಅದೂ ಅದೇ ಸಾವು ಸಾಯುತ್ತದೆ.

ಮೆಕ್ಯಾನಿಕ್ ಮೂರು ದಾರಿ ಹೇಳಿದ. ಕಾರು ಕಂಪನಿಯದೇ ಹೊಸ ಕ್ಯಾಟ್‌ಕಾನ್, 38 ಸಾವಿರ. ಜೆ.ಸಿ. ರಸ್ತೆಯಲ್ಲಿ ಸಿಗುವ ಹೊರಗಿನ ಮಾಲು, 12 ಸಾವಿರ. ಲೋಹದ ಲೇಪ ತೆಳುವಾಗಿರುತ್ತದೆ, ಎಷ್ಟು ದಿನ ಬಾಳುತ್ತದೆ ಎಂದು ಅವನು ಹೇಳಲಾರ. ಮೂರನೆಯದನ್ನು ಸ್ವಲ್ಪ ದನಿ ತಗ್ಗಿಸಿ ಹೇಳಿದ. ‘ಖಾಲಿ ಮಾಡ್ಬಿಡೋಣ ಸಾರ್. ಜೇನುಗೂಡು ಒಡೆದು ತೆಗೆದು ಬರೀ ಡಬ್ಬ ವಾಪಸ್ ಕೂರಿಸ್ತೀನಿ. ಎರಡು ಸಾವಿರ ಕೊಡಿ ಸಾಕು. ಹಿಂದಿನ ಸೆನ್ಸರ್‌ಗೆ ಒಂದು ತುಂಡು ಪೈಪ್ ಸಿಗ್ಸಿ ದೂರ ಇಟ್ರೆ ದೀಪಾನೂ ಹತ್ತಲ್ಲ. ಬಹಳ ಜನ ಹೀಗೇ ಮಾಡ್ಸೋದು.’ ಒಡೆದ ಜೇನುಗೂಡನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರಂತೆ, ಆ ದುಡ್ಡೂ ನನಗೇ.

ಅವನು ಕೆಟ್ಟವನಲ್ಲ. ನನ್ನ ಜೇಬು ನೋಡಿ ಹೇಳಿದ ಮಾತದು. ಆ ಕಾರನ್ನು ಮಾರಲು ಹೊರಟರೆ ಒಂದೂವರೆ ಲಕ್ಷ ಹುಟ್ಟಿದರೆ ಹೆಚ್ಚು. ಕಾರಿನ ಬೆಲೆಯ ಕಾಲುಭಾಗವನ್ನು ಕಾರಿನ ಓಟಕ್ಕೆ ಬೇಡವೇ ಬೇಡವಾದ ಒಂದು ಡಬ್ಬಿಗೆ ಸುರಿಯಬೇಕು. ಖಾಲಿ ಮಾಡಿಸುವುದು ಕಾನೂನಿಗೆ ವಿರುದ್ಧ, ಸರಿ. 2019ರ ತಿದ್ದುಪಡಿಯ ನಂತರ ಮಾಲಿನ್ಯದ ಮಿತಿ ಮೀರಿದ ವಾಹನ ಓಡಿಸಿದರೆ 10 ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ಹಿಡಿಯುವವರು ಯಾರು? ನಮ್ಮ ಕಾರಿನ ಹೊಗೆ ತಪಾಸಣೆಯ ಪ್ರಮಾಣಪತ್ರ ಆಗಲೂ ಚಾಲ್ತಿಯಲ್ಲಿತ್ತು. ನಿಂತ ಗಾಡಿಯ ಸೈಲೆನ್ಸರಿಗೆ ಕೊಳವೆ ತೂರಿಸಿ ಮಾಡುವ ಆ ಪರೀಕ್ಷೆಯಲ್ಲಿ, ಭಾರತ್ ಸ್ಟೇಜ್ 4ರ ಪೆಟ್ರೋಲ್ ಕಾರಾದರೆ ಕಾರ್ಬನ್ ಮೊನಾಕ್ಸೈಡು ಶೇ. 0.3ರ ಒಳಗೆ, ಹೈಡ್ರೋಕಾರ್ಬನ್ನು ಹತ್ತು ಲಕ್ಷಕ್ಕೆ 200 ಭಾಗದ ಒಳಗೆ ಇದೆಯೇ ಎಂದು ನೋಡುತ್ತಾರೆ. ಸಾರಜನಕದ ಆಕ್ಸೈಡುಗಳನ್ನು ಅಲ್ಲಿ ಅಳೆಯುವುದೇ ಇಲ್ಲ. ಅವು ಹೆಚ್ಚಾಗಿ ಹುಟ್ಟುವುದು ಎಂಜಿನ್ನಿಗೆ ಭಾರ ಬಿದ್ದಾಗ. ನಿಂತ ಗಾಡಿಯ ಮೂಗಿಗೆ ಕೊಳವೆ ಹಿಡಿದರೆ ಓಡುವ ಗಾಡಿಯ ಗುಟ್ಟು ಬಯಲಾಗುವುದಿಲ್ಲ.

ಊಟಕ್ಕೆ ಬಂದಿದ್ದ ನೆಂಟರೊಬ್ಬರು ಸಲೀಸಾಗಿ ತೀರ್ಪು ಕೊಟ್ಟರು. ‘ಮುಂದೆ ಹೋಗೋ ಲಾರಿ ಹೊಗೆ ನೋಡಿದ್ದೀಯಾ? ನೀನೊಬ್ಬ ಹಾಕಿಸಿದ ಮಾತ್ರಕ್ಕೆ ಬೆಂಗಳೂರು ಕೊಡಗಾಗುತ್ತಾ?’ ಆಗುವುದಿಲ್ಲ. ಆದರೆ ಲಾರಿಯ ಹೊಗೆ ಕಾಣುತ್ತದೆ. ಕಂಡವರು ಮೂಗು ಮುಚ್ಚಿಕೊಳ್ಳುತ್ತಾರೆ, ಬೈಯುತ್ತಾರೆ, ಪಕ್ಕಕ್ಕೆ ಸರಿಯುತ್ತಾರೆ. ನನ್ನ ಕಾರು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಿಂದ ಸರಿದು ನಿಲ್ಲುವ ಅವಕಾಶವೂ ಹಿಂದಿನವರಿಗಿಲ್ಲ. ಕಾರಿನೊಳಗೆ ಹೊರಗಿನ ಗಾಳಿ ಬಾರದಂತೆ ತಡೆಯುವ ಗುಂಡಿಯೊಂದಿದೆ. ಸಿಗ್ನಲ್ಲಿನಲ್ಲಿ ಅದನ್ನು ಒತ್ತಿ ಕೂರುವವರು ನಾವು. ಹಿಂದೆ ಸ್ಕೂಟರಿನ ಮುಂಭಾಗದಲ್ಲಿ ನಿಂತಿರುವ ನಾಲ್ಕು ವರ್ಷದ ಮಗುವಿಗೆ ಅಂಥ ಗುಂಡಿಯಿಲ್ಲ. ವಾರಕ್ಕೆ ಮೂರು ದಿನ ಸ್ಕೂಟರಿನಲ್ಲೇ ಕೆಲಸಕ್ಕೆ ಹೋಗುವವನು ನಾನು. ಆ ದಿನಗಳಲ್ಲಿ ಹಿಂದಿನವನು ನಾನೇ. ಮುಂದಿರುವ ಕಾರುಗಳ ಪೈಕಿ ಯಾವುದರ ಡಬ್ಬಿ ಖಾಲಿ ಎಂದು ನನಗೂ ತಿಳಿಯುವುದಿಲ್ಲ.

ಈ ಡಬ್ಬಿಯ ಚರಿತ್ರೆ ಓದಿದಾಗ ಅದಕ್ಕೆ ಶ್ರಮಿಸಿದ ಯೂಜೀನ್ ಹೂಡ್ರಿ ಎಂಬ ಫ್ರೆಂಚ್ ಎಂಜಿನಿಯರ್ ನನಗೆ ಹಿಡಿಸಿದ. ಕಚ್ಚಾತೈಲದಿಂದ ಒಳ್ಳೆಯ ಪೆಟ್ರೋಲು ತೆಗೆಯಲು ಕ್ರಿಯಾವರ್ಧಕ ಬಳಸುವ ವಿಧಾನವನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದವನು ಅವನೇ. ಲಾಸ್ ಏಂಜಲೀಸಿನ ಹೊಗೆಮಂಜಿನ ಸುದ್ದಿ ಓದಿದ ಮೇಲೆ 1950ರ ದಶಕದಲ್ಲಿ ಅದೇ ಪೆಟ್ರೋಲಿನ ಹೊಗೆ ತೊಳೆಯುವ ಸಾಧನಕ್ಕೆ ಕೈಹಾಕಿದ. ತಾನು ಬೇಯಿಸಿದ ಪಾತ್ರೆಯನ್ನು ತಾನೇ ತೊಳೆದಿಡುವವರ ಜಾತಿ. ಆದರೆ ಆಗಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ಅಂಟಿದರೆ ಲೋಹದ ಲೇಪ ಕುರುಡಾಗುತ್ತದೆ. ಹೂಡ್ರಿ 1962ರಲ್ಲಿ ತೀರಿಕೊಂಡ. ಅಮೆರಿಕದ ಹೊಸ ಕಾರುಗಳಿಗೆ ವ್ಯಾಪಕವಾಗಿ ಈ ಡಬ್ಬಿ ಬಂದದ್ದು 1975ರ ಮಾದರಿಗಳಿಂದ. ನಮ್ಮಲ್ಲಿ 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಮೊದಲು ಕಡ್ಡಾಯವಾಯಿತು. ದೇಶದಾದ್ಯಂತ ಸೀಸದ ಪೆಟ್ರೋಲು ನಿಂತದ್ದು 2000ದ ಫೆಬ್ರವರಿಯಲ್ಲಿ. ಡಬ್ಬಿ ಬದುಕಬೇಕು ಎಂಬ ಕಾರಣವೂ ಸೇರಿ ಪೆಟ್ರೋಲಿನಿಂದ ಸೀಸವೇ ಹೋಯಿತು. ಇಷ್ಟೆಲ್ಲ ಜನ, ಇಷ್ಟು ವರ್ಷ ಜಗ್ಗಾಡಿ ತಂದು ಕೂರಿಸಿದ್ದನ್ನು ಒಂದು ಕಬ್ಬಿಣದ ಸರಳಿನಿಂದ ಹತ್ತು ನಿಮಿಷದಲ್ಲಿ ಕುಟ್ಟಿ ತೆಗೆಯಬಹುದು.

ಮನೆಯಲ್ಲಿ ಮಾತಾಡಿ, ಬೇಸಿಗೆಯ ಪ್ರವಾಸ ಕೈಬಿಟ್ಟು, ಕಂಪನಿಯದೇ ಹಾಕಿಸುವುದೆಂದು ನಿಶ್ಚಯಿಸಿದೆವು. ಆ ಶನಿವಾರ ನಾನೂ ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಮೊದಲು ಕಾಯಿಲ್, ಸ್ಪಾರ್ಕ್ ಪ್ಲಗ್ಗುಗಳು ಬದಲಾದವು. ಎಂಜಿನ್ ತಣಿಯುವವರೆಗೆ ಕಾದು, ಗಾಡಿ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹತ್ತು ವರ್ಷದ ತುಕ್ಕು ಕುಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಒಂದು ಗಂಟೆ ನೆನೆಯಲು ಬಿಟ್ಟ. ಒಂದು ಬೋಲ್ಟು ಹಟ ಹಿಡಿದು ಮುರಿದೇಹೋಯಿತು. ಅದನ್ನು ಕೊರೆದು ತೆಗೆಯಲು ಮತ್ತೆ ಮುಕ್ಕಾಲು ಗಂಟೆ. ಸೆನ್ಸರುಗಳನ್ನು ಮಾತ್ರ ಬಾಣಂತಿಯ ಮಗುವಿನಂತೆ ಎತ್ತಿಟ್ಟ, ತುದಿಗೆ ಗ್ರೀಸಿನ ಕೈ ತಾಗಬಾರದಂತೆ. ಕೀಲುಗಳಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಹೊಸ ಡಬ್ಬಿ ಕೂರಿಸಿ, ಎಂಜಿನ್ ಶುರು ಮಾಡಿ, ಕೀಲಿನ ಸುತ್ತ ಗಾಳಿ ಸೋರುತ್ತಿದೆಯೇ ಎಂದು ಕಿವಿಯಿಟ್ಟು ಕೇಳಿದ. ಮೊದಲ ಕಾವಿಗೆ ಸ್ವಲ್ಪ ಸುಟ್ಟ ವಾಸನೆ ಬಂತು. ಆಮೇಲೆ ಸ್ಕ್ಯಾನರ್ ಹಚ್ಚಿದ. ಮುಂದಿನ ಗೆರೆ ಎಂದಿನಂತೆ ಕುಣಿಯುತ್ತಿತ್ತು. ಹಿಂದಿನದು ನೆಟ್ಟಗೆ ಮಲಗಿತ್ತು. ‘ನೋಡಿ ಸಾರ್, ನಿಮ್ಮ 38 ಸಾವಿರ’ ಎಂದು ನಕ್ಕ.

ಹಳೆಯ ಡಬ್ಬಿಯ ಚೂರುಗಳನ್ನು ಚೀಲಕ್ಕೆ ತುಂಬಿ ಗುಜರಿಗೆ ಇಟ್ಟುಕೊಂಡ. ಆ ಕೆಲವು ಗ್ರಾಂ ಲೋಹಕ್ಕೆ ಯಾಕಿಷ್ಟು ಬೆಲೆ ಎಂದು ನೋಡಿದರೆ ದಾರಿ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತದೆ. ಜಗತ್ತಿನ ಪ್ಲಾಟಿನಂ, ರೋಡಿಯಂಗಳ ಬಹುಪಾಲು ಅಗೆದು ತೆಗೆಯುವುದು ಅಲ್ಲೇ. 2012ರ ಆಗಸ್ಟ್ 16ರಂದು ಮರಿಕಾನಾದ ಪ್ಲಾಟಿನಂ ಗಣಿಯ ಬಳಿ ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ 34 ಮಂದಿ ಸತ್ತರು. ಇದನ್ನು ಓದಿದ ಮೇಲೆ, ಡಬ್ಬಿ ಹಾಕಿಸಿದೆನೆಂಬ ಸಣ್ಣ ಹೆಮ್ಮೆಯೂ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಇಲ್ಲಿಯವರ ಉಸಿರಿಗೆ ಬೇಕಾದ ಲೋಹ ಅಲ್ಲಿಯವರ ಉಸಿರಿನ ಲೆಕ್ಕದಲ್ಲಿ ಬರುತ್ತದೆ. ಚೂರುಗಳು ಗುಜರಿ ದಾಟಿ ಲೋಹ ಕರಗಿಸುವವರನ್ನು ಮುಟ್ಟಿದರೆ ಅಷ್ಟರಮಟ್ಟಿಗೆ ಗಣಿಯ ಅಗೆತ ಕಡಿಮೆಯಾದೀತು ಎಂಬುದೊಂದೇ ಸಮಾಧಾನ.

ಡಬ್ಬಿಗೂ ಮಿತಿಯಿದೆ. ಕಾರ್ಬನ್ ಡೈಆಕ್ಸೈಡನ್ನು ಅದು ತಡೆಯುವುದಿಲ್ಲ. ಭೂಮಿ ಬಿಸಿಯಾಗುವುದಕ್ಕೆ ನನ್ನ ಪಾಲು ಹಾಗೇ ಇದೆ. ಜೊತೆಗೆ 250–300 ಡಿಗ್ರಿ ಸೆಲ್ಸಿಯಸ್ ಕಾವೇರುವವರೆಗೆ ಅದು ನಿದ್ದೆಯಲ್ಲೇ ಇರುತ್ತದೆ. ತಣ್ಣಗಿದ್ದ ಕಾರಿನ ಮೊದಲ ಒಂದೆರಡು ನಿಮಿಷದ ಹೊಗೆಯೇ ಅತಿ ಕೊಳಕು. ಬೀದಿ ತುದಿಯ ಅಂಗಡಿಗೆ ಕಾರಿನಲ್ಲಿ ಹೋಗಿ ಬಂದರೆ ಡಬ್ಬಿ ಎಚ್ಚರಾಗುವ ಹೊತ್ತಿಗೆ ನಾವು ಮನೆಗೆ ಬಂದಿರುತ್ತೇವೆ. ಇದನ್ನು ಮೆಕ್ಯಾನಿಕ್ ಹೇಳಿದ ದಿನದಿಂದ ಕೊತ್ತಂಬರಿ ಸೊಪ್ಪಿಗೆ, ಹಾಲಿಗೆ ನಮ್ಮ ಮನೆಯವರೆಲ್ಲ ನಡೆದೇ ಹೋಗುತ್ತೇವೆ. ಅಂಗಡಿ ಆರು ನಿಮಿಷದ ದಾರಿ. ಅದಕ್ಕೆ ಖರ್ಚೇನೂ ಇಲ್ಲ.