ಹನ್ನೊಂದನೆಯವನು

ಶಾಲೆಯ ಕ್ರಿಕೆಟ್ ತಂಡಕ್ಕೆ ಆಯ್ಕೆಯಾದ ದಿನ ನನ್ನ ಮೊಮ್ಮಗನು ಚೀಲವನ್ನು ಮೂಲೆಗೆಸೆದು ಮುಖ ಊದಿಸಿಕೊಂಡು ಕುಳಿತನು. ಆಯ್ಕೆಯಾದವನಿಗೆ ಅಳುವೇಕೆಂದು ವಿಚಾರಿಸಲಾಗಿ, ಪಟ್ಟಿಯಲ್ಲಿ ಅವನ ಹೆಸರು ಎಲ್ಲರಿಗಿಂತ ಕೆಳಗಿದೆಯೆಂದು ತಿಳಿಯಿತು.

"ಅಜ್ಜ, ನಮ್ಮಲ್ಲಿ ಒಬ್ಬ ಭಾರಿ ಆಟಗಾರ ಇದ್ದಾನೆ. ಅವನು ಹೊಡೆದರೆ ಗೆಲ್ಲುತ್ತೇವೆ, ಇಲ್ಲದಿದ್ದರೆ ಇಲ್ಲ. ಮಿಕ್ಕ ಹತ್ತು ಜನ ಯಾತಕ್ಕೆ?"

ಶಿವಮೊಗ್ಗೆಯವನಾದ ನಾನು ಈ ಪ್ರಶ್ನೆಗೆ ಥಟ್ಟನೆ ಉತ್ತರಿಸಲಾರೆ. ಪಕ್ಕದ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದವರು ಜಿ. ಆರ್. ವಿಶ್ವನಾಥ್. ಆಟ ಕಲಿತದ್ದು ಬೆಂಗಳೂರಿನಲ್ಲಾದರೂ, ಹುಟ್ಟೂರಿನ ಹಕ್ಕನ್ನು ನಾವು ಬಿಟ್ಟುಕೊಟ್ಟವರಲ್ಲ. ಅವರು ಟೆಸ್ಟುಗಳಲ್ಲಿ 14 ಶತಕಗಳನ್ನು ಬಾರಿಸಿದರು. ಆ ಹದಿನಾಲ್ಕು ಪಂದ್ಯಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ಇದನ್ನು ಕೇಳಿದವರು, ಒಬ್ಬನಿದ್ದರೆ ಸಾಕೆಂದು ತೀರ್ಮಾನಿಸಿದರೆ ತಪ್ಪೇನು?

ಆದರೆ 1974ರ ರಣಜಿ ಸೆಮಿಫೈನಲ್ ನೆನಪಾಗುತ್ತದೆ. ನಾಡಿಗೆ ಕರ್ನಾಟಕವೆಂಬ ಹೆಸರು ಬಂದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಹದಿನೈದು ವರ್ಷ ಸತತವಾಗಿ ಪ್ರಶಸ್ತಿ ಗೆದ್ದಿದ್ದ ಮುಂಬಯಿ ತಂಡ ಬೆಂಗಳೂರಿಗೆ ಬಂದಿತ್ತು. ಗಾವಸ್ಕರ್, ವಾಡೇಕರ್ ಮೊದಲಾದ ಘಟಾನುಘಟಿಗಳೆಲ್ಲ ಆ ಕಡೆಯೇ! ವಿಶ್ವನಾಥ್ 162 ರನ್ನು ಹೊಡೆದರು, ನಿಜ. ಬ್ರಿಜೇಶ್ ಪಟೇಲರ ಶತಕವೂ ಇತ್ತು. ಪ್ರಸನ್ನರು ಗಾವಸ್ಕರರನ್ನು ಬೌಲ್ಡ್ ಮಾಡದಿದ್ದರೆ, ಓಡುತ್ತಿದ್ದ ವಾಡೇಕರರು ಕಾಲು ಜಾರಿ ರನೌಟ್ ಆಗದಿದ್ದರೆ, ಆ 162 ಏನಾಗುತ್ತಿತ್ತೋ!

ಮೊಮ್ಮಗನಿಗೆ ಇಷ್ಟನ್ನು ಹೇಳಿ ಸುಮ್ಮನಾಗಬಹುದಾಗಿತ್ತು. ಆದರೆ ಐವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಸಂಗತಿ ಅಂದು ಹೊರಬಂದಿತು.

1975ರ ಜನವರಿ. ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸರ ಚೆಂಡಿನ ಮುಂದೆ ನಮ್ಮವರು ತರಗೆಲೆಗಳಂತೆ ಉದುರುತ್ತಿದ್ದರು. ವಿಶ್ವನಾಥರೊಬ್ಬರು ನಿಂತಿದ್ದರು. ಹನ್ನೊಂದನೆಯವರಾಗಿ ಬಂದವರು ಚಂದ್ರಶೇಖರ್. ಟೆಸ್ಟ್ ಜೀವನದಲ್ಲಿ ಅವರು ಪಡೆದ ವಿಕೆಟ್ಟುಗಳು 242. ಹೊಡೆದ ರನ್ನುಗಳು 167! ಅಂತಹವರು ಒಂದೇ ರನ್ನು ಮಾಡಿ, ಅಷ್ಟು ಹೊತ್ತು ಆ ಕೊನೆಯನ್ನು ಕಾಯ್ದುಕೊಂಡರು. ಅವರು ಔಟಾದಾಗ ತಂಡದ ಮೊತ್ತ 190, ವಿಶ್ವನಾಥ್ ಔಟಾಗದೆ 97. ಮುಂದೆ ಪ್ರಸನ್ನ, ಬೇಡಿಯವರ ಸ್ಪಿನ್ನಿನಿಂದ ಭಾರತ 100 ರನ್ನುಗಳಿಂದ ಗೆದ್ದಿತು. ಅಂಗಡಿಯ ಟ್ರಾನ್ಸಿಸ್ಟರಿನ ಮುಂದೆ ನಿಂತು ನಾವು ಕೇಳಿದ್ದು ವಿಶ್ವನಾಥರ ಹೆಸರನ್ನು ಮಾತ್ರ.

ಸಂಕ್ರಾಂತಿ ಕಳೆದ ಭಾನುವಾರ ನಮ್ಮ ಕೇರಿಯ ಹುಡುಗರು ರೈಲು ಹತ್ತಿ ಭದ್ರಾವತಿಗೆ ಹೋದೆವು. ಕಬ್ಬಿಣದ ಕಾರ್ಖಾನೆಯ ವಸತಿಯ ಹುಡುಗರೊಡನೆ ಪಂದ್ಯ. ನಮ್ಮಲ್ಲಿಯೂ ಒಬ್ಬ 'ವಿಶ್ವನಾಥ' ಇದ್ದನು. ಕೇರಿಯ ಹೆಂಗಸರ ಬಾಯಲ್ಲಿಯೂ ಅವನದೇ ಹೊಗಳಿಕೆ. ನನ್ನ ತಾಯಿಯೂ ಅದಕ್ಕೆ ಹೊರತಲ್ಲ. ನಾನು ಹನ್ನೊಂದನೆಯವನು.

ಗೆಲ್ಲಲು ಆರು ರನ್ನು ಬೇಕಾಗಿದ್ದಾಗ ನನ್ನ ಸರದಿ ಬಂದಿತು. ಅವನು ಬಳಿಗೆ ಬಂದು, "ಎರಡೇ ಎರಡು ಚೆಂಡು, ಸುಮ್ಮನೆ ತಡಿ. ಮುಂದಿನ ಓವರು ನಾನು ನೋಡಿಕೊಳ್ಳುತ್ತೇನೆ" ಎಂದನು. ಮೊದಲನೆಯದನ್ನು ತಡೆದೆ. ಎರಡನೆಯದು ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಏನೇನೋ ಮೆರವಣಿಗೆ. ಕಣ್ಣು ಮುಚ್ಚಿ ಬೀಸಿದೆ. ಹಿಂದೆ ಗೂಟ ಉರುಳಿದ ಸದ್ದಾಯಿತು.

ಹಿಂತಿರುಗುವ ರೈಲಿನಲ್ಲಿ ಯಾರೂ ನನ್ನೊಡನೆ ಮಾತನಾಡಲಿಲ್ಲ. ಅವನು ಮಾತ್ರ ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿದು ನನಗೂ ಒಂದು ತುಂಡು ಚಾಚಿದನು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವನ ಮನೆಯ ಮುಂದೆ ಹಾಯುವುದನ್ನೇ ನಾನು ಕಡಿಮೆ ಮಾಡಿದೆ.

ಅದೇ ತಿಂಗಳ ಕೊನೆಯಲ್ಲಿ ಮುಂಬಯಿ ಟೆಸ್ಟಿನಲ್ಲಿ ವಿಶ್ವನಾಥ್ 95 ಹೊಡೆದರೂ ಭಾರತ ಸೋತಿತು. ಆ ಸುದ್ದಿ ಕೇಳಿ ನನಗೆ ಕೊಂಚ ಸಮಾಧಾನವಾಯಿತೆಂದು ಹೇಳಿಕೊಳ್ಳಲು ಇಂದಿಗೂ ನಾಚಿಕೆ.

ಮೊಮ್ಮಗ ಇಷ್ಟೂ ಹೊತ್ತು ಬಾಯಿ ಬಿಟ್ಟುಕೊಂಡು ಕೇಳಿದನು. "ಯಾವ ಹೊಡೆತ ಹೊಡೆದೆ ಅಜ್ಜ?" ಎಂದನು. ಊರುಗೋಲನ್ನು ಎತ್ತಿ ತೋರಿಸಿದೆ.

"ಛೆ! ಆ ಚೆಂಡಿಗೆ ಕಾಲು ಮುಂದಿಡಬೇಕು" ಎಂದವನೇ ಒಳಗಿನಿಂದ ಬ್ಯಾಟನ್ನು ತಂದು, ಚೆಂಡನ್ನು ನನ್ನ ಕೈಗೆ ಹಾಕಿದನು. ಕತ್ತಲಾಗುವವರೆಗೂ ಎಸೆದೆ. ಒಂದನ್ನೂ ಹೊಡೆಯಲಿಲ್ಲ, ಬರಿದೆ ತಡೆದನು. ತುಳಸಿಯ ಕುಂಡವೂ ಉಳಿಯಿತು.