ಕಟ್ಟೆ ಮೇಲಿನ ಸಿಗ್ನಲ್ಲು

ದೂರ ಕುಳಿತು ಪಾಠ ಕೇಳುವುದು ನಮ್ಮ ಜನಕ್ಕೆ ಹೊಸದಲ್ಲ. ಸಾತಾರಾದ ಶಾಲೆಯಲ್ಲಿ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟು ಹಾಸಿಕೊಂಡು ಬೇರೆ ಕುಳಿತು ಕಲಿತರು. ನಮ್ಮಜ್ಜ ಊರ ಶಾಲೆಯ ಕಿಟಕಿ ಹೊರಗೆ ನಿಂತು ಮಗ್ಗಿ ಕಲಿತವನು. ಹದಿನಾರರ ಮಗ್ಗಿತನಕ ಅವನಿಗೆ ಬಾಯಿಗೆ ಬರುತ್ತಿತ್ತು, ತನ್ನ ಹೆಸರು ಬರೆಯಲು ಮಾತ್ರ ಬರುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಉಳಿಯಿತು, ಹಲಗೆ ಮೇಲಿದ್ದದ್ದು ಕಾಣಲಿಲ್ಲ. ಹಾಗಾಗಿ 2020ರ ಮಾರ್ಚಿಯಲ್ಲಿ ಶಾಲೆ ಕಾಲೇಜು ಮುಚ್ಚಿ, ಇನ್ನು ಮಕ್ಕಳು ಮನೆಯಲ್ಲೇ ಕುಳಿತು ದೂರದಿಂದ ಕಲಿಯುತ್ತಾರೆ ಅಂತ ದೊಡ್ಡವರು ಸಾರಿದಾಗ, ಇದೇನೋ ಮಹಾ ಶೋಧ ಅಂತ ನನಗೆ ಅನ್ನಿಸಲಿಲ್ಲ.

ನಾನಾಗ ಮೈಸೂರಿನಲ್ಲಿ ಬಿ.ಎ. ಓದುತ್ತ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದೆ. ಹಾಸ್ಟೆಲನ್ನು ಬೈದುಕೊಂಡೇ ಉಂಡವರು ನಾವು. ಸಾರು ನೀರು, ಅನ್ನದಲ್ಲಿ ಕಲ್ಲು, ಕಕ್ಕಸಿಗೆ ಬಾಗಿಲಿಲ್ಲ. ಆದರೂ ಅಲ್ಲಿ ರಾತ್ರಿ ಓದಲು ದೀಪವಿತ್ತು, ಹೊತ್ತು ಹೊತ್ತಿಗೆ ಗಂಟೆ ಬಾರಿಸುತ್ತಿದ್ದರು. ಪುಸ್ತಕ ಹಿಡಿದು ಕುಳಿತವನನ್ನು 'ಏಳ್ಲಾ, ಸೌದೆ ತತ್ತಾ' ಅಂತ ಯಾರೂ ಎಬ್ಬಿಸುತ್ತಿರಲಿಲ್ಲ. ಹಾಸ್ಟೆಲು ಖಾಲಿ ಮಾಡಿ ಅಂದರು. ಟ್ರಂಕು ಹೊತ್ತುಕೊಂಡು ಊರಿಗೆ ಬಂದೆ.

ಮನೆಯಿಂದಲೇ ಕಲಿಕೆ ಅಂದವರ ಕಣ್ಣ ಮುಂದೆ ಯಾವ ಮನೆ ಇತ್ತೋ ಕಾಣೆ. ನಮ್ಮದು ಒಂದಂಕಣದ ಮನೆ. ಅಯ್ಯ, ಅವ್ವ, ಅಜ್ಜಿ, ತಂಗಿ, ನಾನು. ಒಂದು ಬಲ್ಬು. ಅಡುಗೆ ಹೊಗೆ ಎದ್ದರೆ ಎಲ್ಲರೂ ಜಗಲಿಗೆ. ಕೇರಿಯಲ್ಲಿ ಮನೆ ಅಂದರೆ ಮಲಗುವ ಜಾಗ, ಬದುಕೆಲ್ಲ ಬೀದಿಯಲ್ಲಿ. ಅಷ್ಟೇ ಅಲ್ಲ, ಮನೆಯಲ್ಲಿರುವ ಮಕ್ಕಳು ಅಂದರೆ ಕೆಲಸಕ್ಕೆ ಸಿಗುವ ಕೈಗಳು. ತಂಗಿ ಶಾಲೆಗೆ ಹೋಗುವಷ್ಟು ದಿನ ಅವಳನ್ನು ಯಾರೂ ಕಳೆ ಕೀಳಲು ಕರೆದಿರಲಿಲ್ಲ. ಶಾಲೆ ಮುಚ್ಚಿದ ಹದಿನೈದು ದಿನಕ್ಕೆ ಬಾಗಿಲಿಗೆ ಬಂದರು. 'ಸುಮ್ಮನೆ ಕುಂತದಲ್ಲ ಕೂಸು, ಕಳುಸ್ಕೊಡಿ.' ಶಾಲೆಯಲ್ಲಿ ಸಿಗುತ್ತಿದ್ದ ಬಿಸಿಯೂಟವೂ ನಿಂತಿತು. ಆಮೇಲೆ ಪಡಿ ಕೊಟ್ಟರು ನಿಜ, ಆದರೆ ಆ ಅಕ್ಕಿ ಮನೆಯ ಮಡಕೆಗೆ ಬಿದ್ದ ಮೇಲೆ ಐದು ಜನರ ಅಕ್ಕಿ. ಮಗುವಿನ ತಟ್ಟೆಗೆ ಅದರಲ್ಲಿ ಐದನೆಯ ಪಾಲು.

ಫೋನು ಬೇಕಾಯಿತು. ತಂಗಿ ಹತ್ತನೇ ಕ್ಲಾಸು, ನಾನು ಡಿಗ್ರಿ, ಇಬ್ಬರಿಗೂ ಒಂದೇ ಅಂತ ತೀರ್ಮಾನ ಮಾಡಿಕೊಂಡೆವು. ಏಳೂವರೆ ಸಾವಿರ. ಆ ವರ್ಷ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 275 ರೂಪಾಯಿ. ಲೆಕ್ಕ ಹಾಕಿದರೆ ಅವ್ವ 27 ದಿನ ಮಣ್ಣು ಹೊತ್ತರೂ ಪೂರ್ತಿ ಆಗುವುದಿಲ್ಲ. ಅವ್ವ ಮಣ್ಣೂ ಹೊತ್ತಳು, ಎರಡು ಆಡುಮರಿಯನ್ನೂ ಮಾರಿದಳು. 'ಮರಿ ಆದ್ರೆ ಹಾಲು ಕೊಡೋದು, ಇದೇನ್ ಕೊಟ್ಟದು ಮಗ?' ಅಂದಳು. ಪಾಠ ಕೊಡ್ತದೆ ಕಣವ್ವ ಅಂದೆ.

ಪಾಠ ಕೊಡುವುದಕ್ಕೆ ಸಿಗ್ನಲ್ಲು ಬೇಕಲ್ಲ. ನಮ್ಮ ಕೇರಿ ಊರಿನ ತಗ್ಗಿನಲ್ಲಿದೆ. ಊರ ಬಚ್ಚಲು ನೀರೆಲ್ಲ ಹರಿದು ನಮ್ಮಲ್ಲಿಗೇ ಬರುತ್ತದೆ, ಸಿಗ್ನಲ್ಲು ಮಾತ್ರ ಬರುವುದಿಲ್ಲ. ಅದು ಚೆನ್ನಾಗಿ ಸಿಕ್ಕುವುದು ದೇವಸ್ಥಾನದ ಮುಂದಿನ ಅರಳಿಕಟ್ಟೆಯಲ್ಲಿ. ಟವರಿಗೆ ಜಾತಿ ಗೊತ್ತಿಲ್ಲ, ಕಟ್ಟೆಗೆ ಗೊತ್ತು. ತಂಗಿ ಮತ್ತು ಅವಳ ಜೊತೆಯ ಇಬ್ಬರು ಹುಡುಗಿಯರು ಫೋನು ಹಿಡಿದುಕೊಂಡು ಕಟ್ಟೆ ಹತ್ತಿರ ಹೋದರು. ಮೇಲೆ ಊರಿನ ಹುಡುಗರು ಕಾಲು ಇಳಿಬಿಟ್ಟುಕೊಂಡು ಆಟ ಆಡುತ್ತ ಕುಳಿತಿದ್ದರು. ಹಿರಿಯರೊಬ್ಬರು ಬಂದು, ಬೈಯಲಿಲ್ಲ, ನಯವಾಗಿಯೇ ಹೇಳಿದರು: 'ಕೊರೋನಾ ಕಣ್ರವ್ವ. ಅಂತರ ಕಾಪಾಡ್ಬೇಕು ಅಂತ ಸರ್ಕಾರವೇ ಹೇಳದೆ. ನಿಂತ್ಕಂಡೇ ನೋಡ್ಕಳಿ, ಕುಂತ್ಕಬ್ಯಾಡಿ.'

ಮೂವರೂ ಒಂದು ಗಣಿತದ ಪಾಠ ಪೂರ್ತಿ ನಿಂತು ಕೇಳಿದರು. ಒಬ್ಬಳು ಫೋನು ಹಿಡಿಯುವುದು, ಒಬ್ಬಳು ಬರೆಯುವುದು, ಬರೆಯುವವಳಿಗೆ ಇನ್ನೊಬ್ಬಳ ಬೆನ್ನೇ ಮೇಜು. ಮನೆಗೆ ಬಂದು ತಂಗಿ ಹೇಳಿದಾಗ ಅಜ್ಜಿ ಎಲೆ ಅಡಿಕೆ ಉಗಿದು ಕೇಳಿದಳು: 'ಅಂತರವ? ಅದೇನ್ ಹೊಸ್ದಾಗಿ ಕಾಪಾಡದು?' ಸಾಮಾಜಿಕ ಅಂತರ ಅನ್ನುವ ಮಾತು ಆ ವರ್ಷ ಎಲ್ಲ ಗೋಡೆಯ ಮೇಲೂ ಇತ್ತು. ಆ ಮಾತನ್ನು ಹುಡುಕಿದವರಿಗೆ ನಮ್ಮ ದೇಶದಲ್ಲಿ ಅದರ ಅರ್ಥ ಏನು ಅಂತ ಒಬ್ಬರಾದರೂ ಹೇಳಬಹುದಿತ್ತು.

ಚಂದನ ಟಿ.ವಿ.ಯಲ್ಲಿ ಜುಲೈ 20ರಿಂದ ಪಾಠ ಶುರುವಾಯಿತು. ಕೇರಿಯಲ್ಲಿ ನೋಡುವಂಥ ಟಿ.ವಿ. ಮೂರು ಮನೆಯಲ್ಲಿತ್ತು, ಕರೆಂಟು ಇದ್ದಾಗ. ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಮೇಷ್ಟ್ರೇ ಮಕ್ಕಳ ಹತ್ತಿರ ಹೋಗುವುದು, ಮರದ ಕೆಳಗೆ, ಜಗಲಿಯಲ್ಲಿ, ಸಮುದಾಯ ಭವನದಲ್ಲಿ ಪಾಠ ಮಾಡುವುದು. ಆ ಕಾಲದಲ್ಲಿ ಸರ್ಕಾರ ಮಾಡಿದ ಕೆಲಸಗಳಲ್ಲಿ ನಾನು ಮೆಚ್ಚಿದ್ದು ಇದೊಂದನ್ನೇ. ನಮ್ಮೂರಿಗೂ ಒಬ್ಬ ಮೇಷ್ಟ್ರು ಬಂದರು. ಮೊದಲ ದಿನ ದೇವಸ್ಥಾನದ ಪಡಸಾಲೆಯಲ್ಲಿ ಕೂರಿಸಿದರು. ನಮ್ಮ ಮಕ್ಕಳು ಮೆಟ್ಟಿಲ ಕೆಳಗೇ ನಿಂತುಬಿಟ್ಟವು. ಯಾರೂ ತಡೆದಿರಲಿಲ್ಲ, ತಡೆಯುವ ಅಗತ್ಯವೂ ಇರಲಿಲ್ಲ. ಮೇಷ್ಟ್ರು ಒಂದು ಗಳಿಗೆ ನೋಡಿದರು. ಭಾಷಣ ಮಾಡಲಿಲ್ಲ. ಮಾರನೆಯ ದಿನ ಚಾಪೆ ತಂದು ಕೇರಿಯ ಅಂಬೇಡ್ಕರ್ ಭವನದಲ್ಲಿ ಹಾಸಿದರು. ಊರಿನ ಕಡೆಯಿಂದ ಇಬ್ಬರೇ ಮಕ್ಕಳು ಬಂದರು. ಆ ಇಬ್ಬರಿಗೂ ಉಳಿದವರಿಗೂ ಅವರು ಪಾಠ ಮಾಡಿದರು, ಕಾರಿನವರ ಮಕ್ಕಳು ಆನ್‌ಲೈನಿನಲ್ಲಿ ನೋಡಿಕೊಂಡರು. ಮೇಷ್ಟ್ರ ಜಾತಿ ಯಾವುದು ಅಂತ ಬರೆಯುವುದಿಲ್ಲ. ನಮ್ಮವರಲ್ಲ, ಅಷ್ಟು ಸಾಕು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ವಿದ್ಯಾಗಮವನ್ನೇ ನಿಲ್ಲಿಸಿದರು. ಚಾಪೆ ಭವನದಲ್ಲೇ ಉಳಿಯಿತು.

ನನ್ನ ಕಾಲೇಜಿನದು ಬೇರೆ ಕಥೆ. ಬೆಳಗಿನ ಎಂಟರ ಕ್ಲಾಸು. ಆ ಹೊತ್ತಿನಲ್ಲಿ ಯಾರೂ ಫೋನು ಒತ್ತದ್ದರಿಂದ ನಮ್ಮ ಬಾಗಿಲ ಚೌಕಟ್ಟಿನ ಹತ್ತಿರ ಒಂದೆರಡು ಕಡ್ಡಿ ಸಿಗ್ನಲ್ಲು ಬರುತ್ತಿತ್ತು. ಫೋನು ಒರಗಿಸಿ ಒಳಗೆ ಮುಖ ಮಾಡಿ ಕೂರುತ್ತಿದ್ದೆ. ಒಂದು ದಿನ ಉಪನ್ಯಾಸಕರು, ಎಲ್ಲರೂ ಮುಖ ತೋರಿಸಬೇಕು, ಇಲ್ಲದಿದ್ದರೆ ಹಾಜರಿ ಇಲ್ಲ ಅಂದರು. ತೋರಿಸಿದೆ. ನನ್ನ ಹಿಂದೆ ಗೋಡೆ, ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಪಕ್ಕದ ಮೊಳೆಯಲ್ಲಿ ಅಯ್ಯನ ತಮಟೆ. ಅರುವತ್ತು ಜನರ ಕಣ್ಣು ಏಕಕಾಲಕ್ಕೆ ನಮ್ಮ ಮನೆಯೊಳಕ್ಕೆ ಬಂದವು. ಹಾಗೆ ಅಷ್ಟು ಜನ ನಮ್ಮ ಮನೆಗೆ ಯಾವತ್ತೂ ಬಂದಿರಲಿಲ್ಲ ಬಿಡಿ.

ಕ್ಲಾಸಿನ ಬೆಂಚಿನಲ್ಲಿ ನಾನು ಯಾರೋ ಒಬ್ಬ ಹುಡುಗ. ಇಸ್ತ್ರಿ ಅಂಗಿ, ತಿದ್ದಿಕೊಂಡ ಭಾಷೆ. ಕಾಲೇಜಿನ ಗೋಡೆ ಮಾಡುವ ಉಪಕಾರ ಇದು: ಒಳಗಿರುವಷ್ಟು ಹೊತ್ತು ಬೆನ್ನಿಗೆ ಕೇರಿ ಅಂಟಿರುವುದಿಲ್ಲ. ಮನೆಯಿಂದ ಕಲಿಕೆ ಆ ಗೋಡೆಯನ್ನು ಕಿತ್ತು ಹಾಕಿತು. ಆ ಸಂಜೆ ಒಬ್ಬ ಸಹಪಾಠಿಯ ಮೆಸೇಜು ಬಂತು, 'ಓ, ನೀನು ಅವರಾ? ಗೊತ್ತೇ ಆಗಿರಲಿಲ್ಲ.' ಒಂದೂವರೆ ವರ್ಷದಿಂದ ನನ್ನ ನೋಟ್ಸು ತೆಗೆದುಕೊಂಡು ಬರೆದುಕೊಳ್ಳುತ್ತಿದ್ದವನು. ಆಮೇಲೆ ಕೇಳಲಿಲ್ಲ. ಪಟ ತೆಗೆಯಲೇನೋ ಅಂತ ಅಯ್ಯ ಕೇಳಿದ. ಬೇಡ ಅಂದೆ. ಮಾರನೆಯ ದಿನವೂ ಫೋನನ್ನು ಅಲ್ಲಿಗೇ ಒರಗಿಸಿದೆ. ಸಿಗ್ನಲ್ಲು ಬರುತ್ತಿದ್ದದ್ದೂ ಅಲ್ಲೇ.

2021ರ ಆಗಸ್ಟಿನಲ್ಲಿ ಜೀನ್ ಡ್ರೀಜ್ ಮೊದಲಾದವರು ಕರ್ನಾಟಕವೂ ಸೇರಿದಂತೆ ಹದಿನೈದು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮಕ್ಕಳನ್ನು ಕೇಳಿ ಒಂದು ವರದಿ ತಂದರು. ಹಳ್ಳಿಗಳಲ್ಲಿ ದಿನವೂ ಆನ್‌ಲೈನಿನಲ್ಲಿ ಕಲಿಯುತ್ತಿದ್ದ ಮಕ್ಕಳು ನೂರಕ್ಕೆ 8. ಪರಿಶಿಷ್ಟರ ಮಕ್ಕಳನ್ನೇ ತೆಗೆದುಕೊಂಡರೆ ನೂರಕ್ಕೆ 4, ಉಳಿದವರಲ್ಲಿ 15. ಬಡತನ ಎಲ್ಲರಿಗೂ ಒಂದೇ ಅನ್ನುವ ಗೆಳೆಯರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡು ನೋಡಬೇಕು. ಅವರೂ ಬಡವರೇ, ಇವರೂ ಬಡವರೇ.

ಎಸ್ಸೆಸ್ಸೆಲ್ಸಿ ಪರೀಕ್ಷೆ 2021ರ ಜುಲೈ 19 ಮತ್ತು 22ರಂದು, ಎರಡೇ ದಿನ ನಡೆಯಿತು. ಉತ್ತರಕ್ಕೆ ಗುಂಡು ತುಂಬುವ ಪರೀಕ್ಷೆ. ಬರೆದವರೆಲ್ಲ ಹೆಚ್ಚುಕಡಿಮೆ ಪಾಸು. ತಂಗಿಯೂ ಪಾಸು. ಕಟ್ಟೆ ಹತ್ತಿರ ಅವಳ ಜೊತೆ ನಿಂತಿದ್ದ ಇಬ್ಬರಲ್ಲಿ ಒಬ್ಬಳು ಪರೀಕ್ಷೆಗೆ ಬರಲಿಲ್ಲ. ಆ ಬೇಸಿಗೆಯ ಲಾಕ್‌ಡೌನಿನಲ್ಲಿ, ಊಟ ಹಾಕುವ ಖರ್ಚು ಕಡಮೆ ಅಂತ, ಅವಳ ಮದುವೆ ಮಾಡಿಬಿಟ್ಟಿದ್ದರು. ಫೋನು ಹಿಡಿದು ನಿಲ್ಲುತ್ತಿದ್ದವಳು ಅವಳೇ. ಹಾಜರಾಗದವರ ಕಾಲಂ ಫಲಿತಾಂಶದ ಹಬ್ಬದಲ್ಲಿ ಯಾರಿಗೂ ಕಾಣಲಿಲ್ಲ.

ಈಗ ಕಟ್ಟೆಗೆ ಟೈಲ್ಸು ಹಾಕಿ ಸುತ್ತ ಕಬ್ಬಿಣದ ಕಂಬಿ ನಿಲ್ಲಿಸಿದ್ದಾರೆ. ಮಳೆಗೆ ರಜಾ ಕೊಟ್ಟರೂ ಸಾಕು, ಈಗಲೂ ಹೋಮ್‌ವರ್ಕು ವಾಟ್ಸಾಪಿಗೇ ಬರುತ್ತದೆ, ಕೇರಿಯ ಮಕ್ಕಳು ಛತ್ರಿ ಹಿಡಿದುಕೊಂಡು ಕಂಬಿ ಹೊರಗೆ ನಿಲ್ಲುತ್ತವೆ. ಭವನಕ್ಕೆ ಒಂದು ಇಂಟರ್‌ನೆಟ್ ತಂತಿ, ನಾಲ್ಕು ಬೆಂಚು, ಎರಡು ಟ್ಯೂಬ್‌ಲೈಟು ಕೊಡಿ ಅಂತ ಪಂಚಾಯ್ತಿಗೆ ಎರಡು ಸಲ ಅರ್ಜಿ ಕೊಟ್ಟೆವು. ಮೊದಲನೆಯದು ಕಳೆದುಹೋಯಿತಂತೆ, ಎರಡನೆಯದಕ್ಕೆ ಅನುದಾನ ಇಲ್ಲವಂತೆ. ಮೂರನೆಯದನ್ನು ತಂಗಿ ಬರೆದಿದ್ದಾಳೆ. ಒಂದು ಪುಟ ಸಾಲದೆ ಹಿಂಬದಿಗೂ ಬರೆದಿದ್ದಾಳೆ. ಸೋಮವಾರ ಎಲ್ಲರೂ ಹೋಗಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡೇ ಬರುವುದು ಅಂತ ಮಾತಾಗಿದೆ.